ಪರದೆ ಅಂಗಡಿಯ ಗೋಲ್‌ಕೀಪರ್

ಸ್ಟೂಲಿನ ಮೇಲೆ ನಿಂತು ಕೆಲಸ ಮಾಡುವವನು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಎರಡಡಿ ಮೇಲೆ ಹತ್ತಿದ ತಕ್ಷಣ ಮನುಷ್ಯನಿಗೆ ತಾನು ಹುಟ್ಟಿದ್ದೇ ಆ ಎತ್ತರಕ್ಕೆ ಅನ್ನಿಸಿಬಿಡುತ್ತದೆ. ನಾನು ಪರದೆ ಅಂಗಡಿಯಲ್ಲಿ ಕೆಲಸ ಮಾಡುವವನು. ಕಿಟಕಿ ಅಳೆಯುವುದು, ಸರಳು ಕೂರಿಸುವುದು, ಪರದೆ ತೂಗುಹಾಕುವುದು, ಕೆಳಗಿಳಿದು ನೋಡಿದಾಗ ಅದು ಒಂದು ಗೇಣು ಗಿಡ್ಡವಾಗಿದ್ದರೆ “ಈಗ ಇದೇ ಫ್ಯಾಷನ್” ಅನ್ನುವುದು, ಇಷ್ಟು ನನ್ನ ಉದ್ಯೋಗ. ಹಾಗಾಗಿ ದಿನದ ಮುಕ್ಕಾಲು ಪಾಲು ನಾನು ಸ್ಟೂಲಿನ ಮೇಲೇ ಇರುತ್ತೇನೆ.

ಅವತ್ತು ನಾನು ಹತ್ತಿದ್ದ ಸ್ಟೂಲು ಒಂದು ಹಾಸ್ಟೆಲ್ಲಿನ ಕೋಣೆಯಲ್ಲಿತ್ತು. ನಮ್ಮೂರ ಕ್ರೀಡಾಂಗಣದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಆಟಗಾರರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಶುರುವಾಗುವುದರಲ್ಲಿತ್ತು. ಹುಟ್ಟುವಾಗಲೋ ಅದರ ಆಸುಪಾಸಿನಲ್ಲೋ ಮಿದುಳಿಗಾದ ಪೆಟ್ಟಿನಿಂದ ಕೈಯೋ ಕಾಲೋ ಬಿಗಿದುಕೊಂಡು ಹೇಳಿದ ಮಾತು ಕೇಳದಂತಾದವರು ಆಡುವ ಫುಟ್‌ಬಾಲ್ ಇದು. ಒಂದೊಂದು ಕಡೆ ಏಳೇ ಜನ. ಮೈದಾನ ಸ್ವಲ್ಪ ಚಿಕ್ಕದು, ಗೋಲೂ ಚಿಕ್ಕದು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಗೊತ್ತಿದ್ದದ್ದು ಹಾಸ್ಟೆಲ್ಲಿನ ಕಿಟಕಿಗಳ ಅಳತೆ ಮಾತ್ರ, ಅದೂ ಸರಿಯಾಗಿ ಅಲ್ಲ.

ಆ ಕೋಣೆಯಲ್ಲಿ ನಮ್ಮ ದೇಶದ ತಂಡದ ಕೋಚ್ ಮೇಡಂ ಫೋನಿನಲ್ಲಿ ಯಾರ ಮೇಲೋ ಹರಿಹಾಯುತ್ತಿದ್ದರು. ಕತ್ತಿನಲ್ಲಿ ಸೀಟಿ, ಕಾಲಲ್ಲಿ ಬೂಟು, ಮುಖದಲ್ಲಿ ನಗು ಎಂಬ ಪದಾರ್ಥದ ಸುಳಿವೂ ಇಲ್ಲ.

“ನಾಳೆ ಸಂಜೆ ಪ್ರ್ಯಾಕ್ಟೀಸ್ ಮ್ಯಾಚು. ಈಗ ಹೇಳ್ತಿದ್ದೀರಲ್ಲ, ನಿಮ್ಮ ತಂಡ ಬರಲ್ಲ ಅಂತ! ನಾಳೆ ರಾತ್ರಿಯೊಳಗೆ ನಾನು ಕೊನೇ ಆಟಗಾರನ್ನ ಆರಿಸ್ಬೇಕು. ನಿಂತ ನಿಲುವಲ್ಲಿ ಏಳು ಜನರನ್ನ ಎಲ್ಲಿಂದ ತರ್ಲಿ? ಹೋಗ್ಲಿ, ಒಬ್ಬ ಗೋಲ್‌ಕೀಪರ್ ಆದ್ರೂ ಬೇಡ್ವಾ?”

ಫೋನು ಮಂಚದ ಮೇಲೆ ಬಿತ್ತು. ಆಗ ಸ್ಟೂಲಿನ ಮೇಲಿಂದ ಒಂದು ಗಂಭೀರ ಧ್ವನಿ ಕೇಳಿಸಿತು. “ಒಂದು ಕಾಲದಲ್ಲಿ ನಾನೂ ಗೋಲ್‌ಕೀಪರ್ ಆಗಿದ್ದೆ ಮೇಡಂ.”

ಯಾರಪ್ಪಾ ಇದು ಅಂತ ನೋಡಿದರೆ ನಾನೇ.

ಆ ಮಾತು ಪೂರಾ ಸುಳ್ಳೇನಲ್ಲ. ಶಾಲೆಯಲ್ಲಿದ್ದಾಗ ನಿಜವಾದ ಗೋಲ್‌ಕೀಪರನಿಗೆ ಮಂಗನಬಾವು ಬಂದು, ಬೇರೆ ಯಾರೂ ಒಪ್ಪದೆ, ಒಂದು ದಿನದ ಮಟ್ಟಿಗೆ ನನ್ನನ್ನು ಹಿಡಿದು ನಿಲ್ಲಿಸಿದ್ದರು. ಅವತ್ತು ಎಷ್ಟು ಗೋಲಾಯಿತು ಎಂಬುದನ್ನು ಎದುರು ತಂಡದವರೂ ಹೊರಗೆ ಹೇಳಲಿಲ್ಲ. ಅವರಿಗೇ ನಾಚಿಕೆಯಾಗಿತ್ತು.

ಮೇಡಂ ನನ್ನನ್ನು ಸ್ಟೂಲಿನ ಕಾಲಿನಿಂದ ನನ್ನ ತಲೆಯವರೆಗೆ ನೋಡಿದರು. ಆ ಅಳತೆಯಲ್ಲಿ ಸ್ಟೂಲೂ ಸೇರಿದ್ದರಿಂದ ನಾನು ಸಾಕಷ್ಟು ಎತ್ತರವಾಗಿ ಕಂಡಿರಬೇಕು.

“ಇನ್ನೂ ಆರು ಜನರನ್ನ ಕರ್ಕೊಂಡು ಬರ್ತೀರಾ?”

“ಅದೇನು ದೊಡ್ಡ ವಿಷಯ ಮೇಡಂ?” ಎಂದು ಹೇಳಿ ನಾನು ಪರದೆಯ ಸರಳನ್ನು ತಲೆಕೆಳಗಾಗಿ ಕೂರಿಸಿದೆ.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಒಬ್ಬ ಯುವಕ ನನಗಾಗಿ ಕಾಯುತ್ತಿದ್ದ. ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಹತ್ತಿರವಿತ್ತು, ಬಲಗಾಲಿನ ತುದಿ ನೆಲ ಸವರುತ್ತಿತ್ತು. ತಂಡದವರು ಅವನನ್ನು ಸುತ್ತಿಗೆ ಎಂದು ಕರೆಯುತ್ತಾರಂತೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

“ನಾಳೆ... ನೀವು...” ಎಂದು ಶುರು ಮಾಡಿದ. ಮಾತು ಅವನ ಬಾಯಿಂದ ನಿಧಾನವಾಗಿ, ಒಂದೊಂದಾಗಿ ಬರುತ್ತಿತ್ತು.

“ಬರ್ತೀನಪ್ಪಾ, ಖಂಡಿತ ಬರ್ತೀನಿ!” ಎಂದೆ.

“ಅಲ್ಲ... ನನಗೆ...”

“ನೀರು ಬೇಕಾ?”

“ಅಲ್ಲ...”

“ಕೂತ್ಕೋಬೇಕಾ? ಕೈ ಹಿಡೀಲಾ? ಯಾರನ್ನಾದ್ರೂ ಕರೀಲಾ?”

ಅವನು ಗೋಡೆಗೆ ಒರಗಿ ನನ್ನ ಸರಕೆಲ್ಲ ಖಾಲಿಯಾಗುವವರೆಗೆ ಕಾದ. ಆಮೇಲೆ ಹೇಳಿದ. “ನಾಳೆ ನೀವು ಗ್ಲೌಸ್ ಹಾಕ್ಕೊಂಡು ಬನ್ನಿ. ನನಗೆ ಮೆತ್ತಗೆ ಹೊಡೆಯೋಕೆ ಬರಲ್ಲ. ಇಷ್ಟೇ, ಹೇಳೋಕೆ ಬಂದೆ.”

ನಾನು ಅವನ ಬೆನ್ನು ತಟ್ಟಿ, ಮಗುವಿಗೆ ನಗುವ ಹಾಗೆ ನಕ್ಕೆ. ಅವನು ಹೋದ ಮೇಲೆ ಮೇಡಂ ಬಾಗಿಲಲ್ಲಿ ನಿಂತು ಅವನ ವಿಷಯ ಹೇಳಿದರು. ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿ ಕೆಲಸ. ಹಿಂದಿನ ಸಲ ತಂಡದಲ್ಲಿದ್ದ. ಕಾಲಿನ ಆಪರೇಷನ್ ಆಗಿ ಒಂದು ವರ್ಷ ಆಟ ಬಿಟ್ಟಿದ್ದ. ಉಳಿದಿರುವುದು ಒಂದೇ ಜಾಗ. “ನಾಳೆ ಅವನು ಗೋಲು ಹೊಡೆದು ತೋರಿಸಿದ್ರೆ ತಂಡದಲ್ಲಿ ಇರ್ತಾನೆ. ಇಲ್ಲ ಅಂದ್ರೆ ಮನೆಗೆ ಕಳಿಸ್ತೀನಿ. ನನಗೂ ಸಂಕಟ ಆಗುತ್ತೆ. ಆದ್ರೆ ದಯೆ ತೋರಿಸೋಕೆ ನಾನು ಬಂದಿಲ್ಲ.”

ಅವರು ದಯೆ ತೋರಿಸಲು ಬಂದಿರಲಿಲ್ಲ, ಸರಿ. ಆದರೆ ನಾನಿದ್ದೆನಲ್ಲ! ದಾರಿಯುದ್ದಕ್ಕೂ ನನ್ನ ಹೃದಯ ಕರಗಿ ನೀರಾಯಿತು. ನನ್ನಂಥ ಗೋಲ್‌ಕೀಪರ್ ಅಡ್ಡ ನಿಂತರೆ ಆ ಹುಡುಗ ಹೇಗೆ ತಾನೇ ಗೋಲು ಹೊಡೆದಾನು? ಅಂಗಡಿ ತಲುಪುವಷ್ಟರಲ್ಲಿ ನಾನೊಂದು ಮಹತ್ತರ ನಿರ್ಧಾರಕ್ಕೆ ಬಂದಿದ್ದೆ. ನಾವು ಬೇಕೆಂದೇ ಸೋಲಬೇಕು.

ಅಂಗಡಿಯಲ್ಲಿ ಸಭೆ ಸೇರಿತು. ನಮ್ಮ ಯಜಮಾನರು, ಅಂಗಡಿಯ ದರ್ಜಿ, ಎದುರು ಸಲೂನಿನವನು, ಪಕ್ಕದ ಬೀಗ ರಿಪೇರಿಯವನು, ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಡ್ರಿಲ್ ಮೇಷ್ಟ್ರು, ಮತ್ತು ವಿಮೆ ಏಜೆಂಟನಾದ ನನ್ನ ಭಾವಮೈದ. ನಾನು ವಿಷಯ ಮಂಡಿಸಿದೆ. ದರ್ಜಿ ಅಳತೆಪಟ್ಟಿಯಲ್ಲೇ ಕಣ್ಣೊರೆಸಿಕೊಂಡ.

“ಸೋಲೋಣ, ಸಂತೋಷ,” ಎಂದರು ಯಜಮಾನರು. “ಎಷ್ಟು ಗೋಲಿಗೆ?”

“ಒಂದು ಮೂರು?” ಎಂದೆ.

“ಮೂರು ಜಾಸ್ತಿ ಆಯ್ತಯ್ಯಾ. ಗಿರಾಕಿಗಳೂ ನೋಡೋಕೆ ಬರ್ತಾರೆ. ಎರಡಕ್ಕೆ ಮುಗಿಸು.”

“ನಾವೂ ಒಂದು ಹೊಡೀಬೇಕು ಭಾವ,” ಎಂದ ಭಾವಮೈದ. “ಇಲ್ಲದಿದ್ರೆ ಅನುಮಾನ ಬರುತ್ತೆ. ಅದನ್ನ ನಾನೇ ಹೊಡೀತೀನಿ. ಆಮೇಲೆ ಮಧ್ಯದಲ್ಲಿ ಕಾಲು ಜಾರಿದ ಹಾಗೆ ಬೀಳ್ತೀನಿ.”

ಯಾರು ಎಲ್ಲಿ ಜಾರಬೇಕು, ಯಾರು ಯಾವಾಗ ಬೂಟಿನ ದಾರ ಕಟ್ಟಿಕೊಳ್ಳಬೇಕು, ಸಲೂನಿನವನು ಯಾವ ಘಳಿಗೆಯಲ್ಲಿ ಮೀನಖಂಡ ಹಿಡಿದುಕೊಂಡು ಕುಂಟಬೇಕು, ಎಲ್ಲ ತೀರ್ಮಾನವಾಯಿತು. ಗೆಲ್ಲುವ ತಂಡಗಳು ಕೂಡ ಇಷ್ಟು ತಯಾರಿ ಮಾಡಿರಲಾರವು. ಮೇಷ್ಟ್ರು ಮಾತ್ರ ಒಂದೂ ಮಾತಾಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ನಮ್ಮ ಶಾಲೆಯಲ್ಲಿದ್ದವರು ಎಂಬುದು ಆ ಉತ್ಸಾಹದಲ್ಲಿ ನನಗೆ ಮರೆತುಹೋಗಿತ್ತು.

“ವಿಷಯ ಗುಟ್ಟಾಗಿರ್ಬೇಕು,” ಎಂದೆ ಕೊನೆಯಲ್ಲಿ. ಎಲ್ಲರೂ ಆಣೆ ಮಾಡಿದರು. ಮನೆಗೆ ಹೋಗಿ ನಾನು ಹೆಂಡತಿಗೆ ಮಾತ್ರ ಹೇಳಿದೆ. ಅವಳು ಪಕ್ಕದ ಮನೆಯವರಿಗೆ ಮಾತ್ರ ಹೇಳಿದಳು. ಸಲೂನಿನವನು ಕತ್ತರಿಯ ಕೆಳಗೆ ತಲೆ ಕೊಟ್ಟವರಿಗೆ ಮಾತ್ರ ಹೇಳಿದ. ಮರುದಿನ ಸಂಜೆ ಮೈದಾನಕ್ಕೆ ಹೋಗಿ ನೋಡಿದರೆ, ಮೆಟ್ಟಿಲುಗಳ ಮೇಲೆ ಇಡೀ ಬೀದಿ ಬಂದು ಕೂತಿತ್ತು. ನಾವು ಎಷ್ಟು ಚೆನ್ನಾಗಿ ಸೋಲುತ್ತೇವೆ ನೋಡಲು!

ನಾನು ಗೋಲಿನ ಮುಂದೆ ಹೋಗಿ ನಿಂತೆ. ಕೈಗೆ ಯಜಮಾನರ ಚಳಿಗಾಲದ ಉಣ್ಣೆ ಗ್ಲೌಸು. ಅದರ ಬೆರಳುಗಳನ್ನು ನುಸಿ ತಿಂದು ತೂತಾಗಿದ್ದರಿಂದ ಗಾಳಿ ಚೆನ್ನಾಗಿ ಆಡುತ್ತಿತ್ತು. ಹಿಂದೆ ತಿರುಗಿ ಗೋಲು ನೋಡಿದೆ. ಚಿಕ್ಕ ಗೋಲು ಅಂದಿದ್ದರು. ನಾನು ಇಲ್ಲಿಯವರೆಗೆ ಅಳೆದ ಯಾವ ಕಿಟಕಿಯೂ ಅಷ್ಟು ದೊಡ್ಡದಿರಲಿಲ್ಲ.

ಮೇಡಂ ಸೀಟಿ ಊದಿದರು. ಮೊದಲನೇ ಗೋಲನ್ನು ಬಿಟ್ಟುಕೊಡುವ ಕೆಲಸ ಹೇಗೆ ಶುರು ಮಾಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅದು ಆಗಿಹೋಗಿತ್ತು. ಬೆನ್ನ ಹಿಂದೆ ಬಲೆ ಅಲುಗಾಡಿದ ಸದ್ದು ಕೇಳಿ ತಿರುಗಿದರೆ ಚೆಂಡು ಅಲ್ಲಿ ಆರಾಮಾಗಿ ಕೂತಿತ್ತು. ಹೊಡೆದವನು ಸುತ್ತಿಗೆ. ಬಲಗಾಲನ್ನು ಎಳೆದುಕೊಂಡೇ ಓಡಿ, ನಮ್ಮವರನ್ನು ತಪ್ಪಿಸಿಕೊಂಡು, ಎಡಗಾಲಿನಲ್ಲಿ ಬೀಸಿದ್ದ. ಅವನಿಗೆ ಆ ಹೆಸರು ಯಾಕೆ ಬಂತೆಂದು ಆಗ ತಿಳಿಯಿತು.

ಮೆಟ್ಟಿಲುಗಳಿಂದ ಭಾರಿ ಚಪ್ಪಾಳೆ. “ಎಂಥಾ ನಟನೆ! ನೋಡೇ ಇಲ್ಲ ಅನ್ನೋ ಹಾಗೆ ನಿಂತಿದ್ದ ನೋಡಿ!”

ನಾನು ನಿಜವಾಗಿಯೂ ನೋಡಿರಲಿಲ್ಲ. ಆದರೂ ಹೊಗಳಿಕೆ ಅದಾಗೇ ಬಂದಾಗ ಬೇಡ ಅನ್ನುವ ಅಭ್ಯಾಸ ನನಗಿಲ್ಲ. ಬೀದಿಯವರ ಕಡೆ ತಿರುಗಿ ಕಣ್ಣು ಮಿಟುಕಿಸಿದೆ.

ಎರಡನೆಯದೂ ಅವನದೇ. ಮೂರನೆಯದು ಇನ್ನೊಬ್ಬನದು. ಎರಡಕ್ಕೆ ಮುಗಿಸಬೇಕೆಂದಿದ್ದ ಯಜಮಾನರು ಮೈದಾನದ ಮಧ್ಯೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ, “ಸಾಕಯ್ಯಾ, ಕೋಟಾ ಮುಗೀತು!” ಎಂದು ಕೂಗಿದರು. ಚೆಂಡಿಗೆ ಅದು ಕೇಳಿಸಲಿಲ್ಲ. ಭಾವಮೈದ ಯೋಜನೆಯಂತೆ ಕಾಲು ಜಾರಿದವನ ಹಾಗೆ ಬಿದ್ದ. ಆದರೆ ಆಗ ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿತ್ತು. ಸಲೂನಿನವನು ಮೀನಖಂಡ ಹಿಡಿದುಕೊಂಡು ಕುಂಟಲು ಹೋದವನು ನಿಜಕ್ಕೂ ಕಾಲು ಉಳುಕಿಸಿಕೊಂಡ. ಬೀಗ ರಿಪೇರಿಯವನು ಒಂದೇ ಒಂದು ಸಲ ಚೆಂಡಿಗೆ ಕಾಲು ತಾಗಿಸಿದ, ಅದೂ ನಮ್ಮ ಗೋಲಿನೊಳಕ್ಕೆ. ಪ್ರತಿ ಗೋಲಿಗೂ ಮೆಟ್ಟಿಲ ಮೇಲೆ ಜಯಘೋಷ. ಪ್ರತಿ ಜಯಘೋಷಕ್ಕೂ ನಾನು ಕಣ್ಣು ಮಿಟುಕಿಸಿದೆ. ಕೊನೆಕೊನೆಗೆ ತಲೆಬಾಗಿ ವಂದಿಸಲೂ ಶುರು ಮಾಡಿದೆ.

ಅರ್ಧ ಆಟ ಮುಗಿದಾಗ ಕೋಚ್ ಮೇಡಂ ನೇರ ನನ್ನತ್ತ ಬಂದರು. ಹಿಂದೆ ಸುತ್ತಿಗೆ. ಅದಕ್ಕೆ ಮೊದಲು ಅವರು ಮೆಟ್ಟಿಲ ಬಳಿ ನನ್ನ ಹೆಂಡತಿಯನ್ನು ಮಾತಾಡಿಸಿದ್ದನ್ನು ನೋಡಿದ್ದೆ. ಅವಳು ಹೆಮ್ಮೆಯಿಂದ ಕೈ ಬಾಯಿ ತಿರುಗಿಸಿ ಏನೋ ಹೇಳಿದ್ದನ್ನೂ ನೋಡಿದ್ದೆ.

“ನೀವು ಪಾಪ ಅಂತ ಬೇಕಂತಲೇ ಗೋಲು ಬಿಡ್ತಿದ್ದೀರಂತೆ? ನಿಮ್ಮ ಮನೆಯವರು ಹೇಳಿದ್ರು. ಇಡೀ ಬೀದಿ ಹೇಳ್ತು. ನೀವು ಕಣ್ಣು ಹೊಡೆದದ್ದನ್ನ ನಾನೂ ನೋಡಿದೆ.”

ನಾನು ವಿನಯದಿಂದ ನೆಲ ನೋಡಿದೆ.

“ಹಾಗಾದ್ರೆ ಇವನು ಹೊಡೆದ ಒಂದು ಗೋಲೂ ಲೆಕ್ಕಕ್ಕಿಲ್ಲ,” ಎಂದರು ಮೇಡಂ. “ಬಿಟ್ಟ ಗೋಲು ನೋಡಿ ನಾನು ಯಾರನ್ನೂ ಆರಿಸಲ್ಲ.”

ಸುತ್ತಿಗೆಯ ಮುಖ ನೋಡಿದೆ. ಬೆವರಿನ ಮುಖ ಬಿಳಿಚಿಕೊಂಡಿತ್ತು. ನಿಧಾನವಾಗಿ ಕೇಳಿದ. “ಸಾರ್... ನಿಜ ಹೇಳಿ. ಬಿಟ್ರಾ?”

ಈಗ ನೋಡಿ ನನ್ನ ಪರಿಸ್ಥಿತಿ. “ಇಲ್ಲಪ್ಪಾ, ತಡೆಯೋಕೆ ಆಗಲಿಲ್ಲ” ಅಂದರೆ ಅವನು ಬದುಕಿಕೊಳ್ಳುತ್ತಾನೆ, ಇಡೀ ಬೀದಿಯ ಮುಂದೆ ನಾನು ಸಾಯುತ್ತೇನೆ. “ಬಿಟ್ಟೆ” ಅಂದರೆ ನಾನು ತ್ಯಾಗಿ, ಅವನು ಮನೆಗೆ. ನೆಟ್ಟಗಿರುವವನಾದರೆ ಅರೆಕ್ಷಣವೂ ಯೋಚಿಸುತ್ತಿರಲಿಲ್ಲ. ನಾನು ಯೋಚಿಸಿದೆ. ಯೋಚಿಸಿ, ಎರಡೂ ಕಡೆಗೆ ಸಲ್ಲುವಂಥ ಉತ್ತರ ಕೊಟ್ಟೆ. “ಎಲ್ಲಾ ಅಲ್ಲಪ್ಪಾ... ಒಂದೆರಡು ಮಾತ್ರ.”

ಇದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಯಾವ ಎರಡು ಎಂದು ಮೇಡಂ ಕೇಳಿದರು. ನಾನು ತಲೆ ಕೆರೆದುಕೊಂಡೆ. ಸುತ್ತಿಗೆ ಹತ್ತಿರ ಬಂದ. ಒಂದೊಂದೇ ಮಾತನ್ನು ಎತ್ತಿ ನನ್ನ ಮುಂದಿಟ್ಟ. “ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಿಡ್ತಾನೇ ಬಂದಿದ್ದಾರೆ ಸಾರ್. ಸಾಲಲ್ಲಿ ಮುಂದೆ ಬಿಡ್ತಾರೆ, ಬಸ್ಸಲ್ಲಿ ಸೀಟು ಬಿಡ್ತಾರೆ. ಅದೆಲ್ಲ ಇರ್ಲಿ. ಇದೊಂದನ್ನ ನಾನು ಹೊಡೆದು ತಗೋಬೇಕು. ಇದರಲ್ಲೂ ನೀವು ಕೈ ಹಾಕಿದ್ರಲ್ಲ.”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದು ಮಾತಿಗೆ ಹೇಳುತ್ತಿಲ್ಲ. ನಿಜಕ್ಕೂ ಅಷ್ಟು ನಾಚಿಕೆಯಾಯಿತು. “ಇನ್ನು ಮುಂದೆ ಪ್ರಾಣ ಹೋದ್ರೂ ಬಿಡಲ್ಲ,” ಎಂದು ಮಾತು ಕೊಟ್ಟೆ. ಎರಡನೇ ಅರ್ಧ ನೋಡಿ ಹೇಳುತ್ತೇನೆ ಎಂದರು ಮೇಡಂ.

ಎರಡನೇ ಅರ್ಧದಲ್ಲಿ ನಾನು ನಿಜವಾಗಿ ಆಡಿದೆ. ಹಾರಿದೆ, ಉರುಳಿದೆ, ಎರಡೂ ಕೈ ಚಾಚಿದೆ, ಒಂದು ಸಲ ಕಂಬವನ್ನೇ ತಬ್ಬಿಕೊಂಡೆ. ಚೆಂಡು ನನ್ನ ಎಡಕ್ಕೆ ಬಂದಾಗ ನಾನು ಬಲಕ್ಕಿದ್ದೆ. ಕೆಳಗೆ ಬಂದಾಗ ಮೇಲಿದ್ದೆ. ನೇರ ಬಂದದ್ದು ಕಾಲ ಸಂದಿಯಲ್ಲಿ ತೂರಿತು. ಪ್ರಪಂಚದ ಕಣ್ಣಿಗೆ ಈ ಅರ್ಧಕ್ಕೂ ಮೊದಲ ಅರ್ಧಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ನನ್ನ ಸುಳ್ಳು ಆಟ ಮತ್ತು ಪ್ರಾಮಾಣಿಕ ಆಟ ಎರಡೂ ಅವಳಿ ಮಕ್ಕಳ ಹಾಗಿದ್ದವು.

ಬೀದಿಯವರಂತೂ ಹುಚ್ಚೆದ್ದು ಕುಣಿದರು. “ಈಗ ಇನ್ನೂ ಚೆನ್ನಾಗಿ ಮಾಡ್ತಿದ್ದಾನೆ!”

“ನಾನು ನಿಜವಾಗಿ ಆಡ್ತಿದ್ದೀನಿ ಕಣ್ರೋ!” ಎಂದು ಮಣ್ಣಿನಿಂದೆದ್ದು ಕಿರುಚಿದೆ. ಬಿದ್ದು ಬಿದ್ದು ನಕ್ಕರು.

ಮೇಡಂ ಸೀಟಿ ಊದಿ ಆಟ ನಿಲ್ಲಿಸಿದರು. “ಇವರು ಇನ್ನೂ ಬಿಡ್ತಾನೇ ಇದ್ದಾರೆ. ಯಾವ ಮನುಷ್ಯನೂ ನಿಜವಾಗಿ ಇಷ್ಟು ಕೆಟ್ಟದಾಗಿ ಆಡೋಕೆ ಸಾಧ್ಯವಿಲ್ಲ. ಸಾಕು, ನಡೀರಿ.” ಸುತ್ತಿಗೆ ಬಗ್ಗಿ ಬೂಟಿನ ದಾರ ಬಿಚ್ಚಲು ಶುರು ಮಾಡಿದ. ಮಡಚಿದ ಬಲಗೈ ಸಹಕರಿಸದೆ, ಒಂದೇ ಕೈಯಲ್ಲಿ ಗಂಟಿನ ಜೊತೆ ಗುದ್ದಾಡುತ್ತಿದ್ದ. ನಾನು ಮೇಡಂ ಹಿಂದೆ ಓಡಿದೆ. “ಸಾಧ್ಯ ಇದೆ ಮೇಡಂ! ನನ್ನಿಂದ ಸಾಧ್ಯ ಇದೆ! ಯಾರನ್ನ ಬೇಕಾದ್ರೂ ಕೇಳಿ!”

ಆಗ ಮೆಟ್ಟಿಲಿಳಿದು ಬಂದವಳು ನನ್ನ ಹೆಂಡತಿ.

“ಮೇಡಂ, ನಾನು ಆಗ ಹೇಳಿದ್ದು ತಪ್ಪು,” ಎಂದಳು. “ನಮ್ಮವರು ನಟಿಸೋವಾಗ ನನಗೆ ಗೊತ್ತಾಗುತ್ತೆ. ಕೆಲಸ ತಪ್ಪಿಸ್ಕೊಳ್ಳೋಕೆ ತಲೆನೋವು ಅಂತ ನಟಿಸ್ತಾರಲ್ಲ, ಆಗ ಮುಖ ಲಕ್ಷಣವಾಗಿರುತ್ತೆ. ಮನಸ್ಸಿಟ್ಟು ಕೆಲಸ ಮಾಡೋವಾಗ ಮಾತ್ರ ನಾಲಿಗೆ ತುದಿ ಆಚೆ ಬರುತ್ತೆ. ಮೊದಲಿಂದಲೂ ಆಚೇನೇ ಇದೆ. ಈಗಲೂ ಇದೆ ನೋಡಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಾಲಿಗೆ ಒಳಗೆಳೆದುಕೊಂಡೆ.

“ಬಲ್ಬ್ ಬದಲಾಯಿಸೋಕೆ ಹತ್ತಿ ಫ್ಯಾನ್ ಬೀಳಿಸಿ ಇಳಿದವರು ಇವರು. ಅದು ನಟನೆ ಅಲ್ಲ ಮೇಡಂ. ಸ್ವಭಾವ.”

“ನೀರಿನ ನಲ್ಲಿ ವಿಷಯ ಹೇಳೇ!” ಎಂದು ನಾನು ಪಕ್ಕದಿಂದ ನೆನಪಿಸಿದೆ.

“ಅದೂ ಇದೆ ಮೇಡಂ. ಸೋರ್ತಿದ್ದ ನಲ್ಲಿ ಸರಿ ಮಾಡ್ತೀನಿ ಅಂತ ಹೋಗಿ ಕೆಳಗಿನ ಮನೆಯವರ ಹಾಸಿಗೆ ತೇಲಿಸಿದ್ರು.”

ಕೆಳಗಿನ ಮನೆಯವರು ಮೆಟ್ಟಿಲ ಮೇಲಿಂದಲೇ ಕೈಯೆತ್ತಿ ಸಾಕ್ಷಿ ಹೇಳಿದರು. ಅಲ್ಲಿಂದ ಸಾಕ್ಷಿಗಳಿಗೆ ಬರವಿರಲಿಲ್ಲ. ಭಾವಮೈದ ಮುಂದೆ ಬಂದ. “ಮೇಡಂ, ಬೀಗದ ಕೈ ತಗೊಳ್ಳಿ ಭಾವ ಅಂತ ನಾನು ಎಷ್ಟು ಸಲ ಎಸೆದಿದ್ದೀನೋ! ಇವತ್ತಿನವರೆಗೆ ಒಂದು ಸಲವೂ ಹಿಡಿದಿಲ್ಲ. ಒಂದು ಸಲ ಚರಂಡಿಗೆ ಬಿತ್ತು. ಬಾಗಿಲು ಒಡೆಸಿದ್ವಿ.” ಒಡೆದ ಬಾಗಿಲಿಗೆ ಹೊಸ ಬೀಗ ಹಾಕಿದ್ದು ತಾನೇ ಎಂದು ಬೀಗ ರಿಪೇರಿಯವನು ದೃಢಪಡಿಸಿದ.

ಯಜಮಾನರು ಏದುಸಿರಿನ ನಡುವೆ ಕೇಳಿದರು. “ಹಾಸ್ಟೆಲ್ಲಿನ ಪರದೆ ನೋಡಿದ್ರಾ ಮೇಡಂ?”

“ನೋಡಿದೆ. ಬೆಳಗಾಗೋದೇ ತಡ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ.”

“ಅದು ಇವನು ಪೂರ್ತಿ ಶ್ರದ್ಧೆಯಿಂದ ಮಾಡಿದ ಕೆಲಸ.”

ಮೇಡಂ ಮುಖದಲ್ಲಿ ಮೊದಲ ಸಲ ಅನುಮಾನದ ಎಳೆಯೊಂದು ಸಡಿಲವಾಯಿತು. ನಾನು ಆಸೆಯಿಂದ ಮೇಷ್ಟ್ರ ಕಡೆ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು. “ಇವನು ಗೋಲ್‌ಕೀಪರ್ ಆಗಿದ್ದು ಒಂದೇ ಒಂದು ದಿನ. ನಿಜವಾದವನಿಗೆ ಮಂಗನಬಾವು. ನಿಲ್ಲಿಸಿದವನು ನಾನೇ. ಆಟ ಮುಗಿಯೋದರೊಳಗೆ ಮಂಗನಬಾವಿನ ಹುಡುಗ ತಾನಾಗೇ ಎದ್ದು ಬಂದು, ನಾನೇ ಆಡ್ತೀನಿ ಸಾರ್ ಅಂತ ಅತ್ತ.”

ಅಷ್ಟು ದಿನ ನನ್ನ ಗೋಲ್‌ಕೀಪರ್ ದಿನಗಳ ಕಥೆ ಕೇಳುತ್ತಾ ಕೂದಲು ಕತ್ತರಿಸಿದ್ದ ಸಲೂನಿನವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ನನ್ನ ಮಾನ ಆ ಹುಲ್ಲಿನ ಮೇಲೆ ಮೂರು ಕಾಸಿಗೆ ಹರಾಜಾಯಿತು. ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಇನ್ನೂ ಯಾರಾದರೂ ಏನಾದರೂ ಹೇಳಬಾರದೇ ಎಂದು ಸುತ್ತ ನೋಡುತ್ತಿದ್ದೆ.

“ಇದೆಲ್ಲ ಬಾಯಿಮಾತು,” ಎಂದರು ಮೇಡಂ. “ನನಗೆ ಕಣ್ಣಿಗೆ ಕಾಣಬೇಕು.”

ಆಗ ಸುತ್ತಿಗೆ ಬಾಯಿಬಿಟ್ಟ. ಈ ಸಲ ನಾನು ನಡುವೆ ಬಾಯಿ ಹಾಕಲಿಲ್ಲ. “ಮೇಡಂ... ಒಂದು ಪೆನಾಲ್ಟಿ. ಎಲ್ಲಿಗೆ ಹೊಡೀತೀನಿ ಅಂತ... ಇವರಿಗೆ ಮೊದಲೇ ಹೇಳಿಬಿಡ್ತೀನಿ. ಗೊತ್ತಿದ್ದೂ ತಡೆಯೋಕೆ ಆಗದಿದ್ರೆ... ಗೋಲು ನಂದು.”

ಮೇಡಂ ಅವನನ್ನೇ ದಿಟ್ಟಿಸಿ ನೋಡಿ ತಲೆಯಾಡಿಸಿದರು. ಆಮೇಲೆ ನನ್ನತ್ತ ತಿರುಗಿದರು. “ಸರಿಯಾಗಿ ಕೇಳಿ. ನೀವು ತಡೆದ್ರೆ ಅವನು ಮನೆಗೆ. ನೀವು ಸುಮ್ಮನೆ ಬಿಟ್ರಿ ಅಂತ ನನಗೆ ಕಂಡ್ರೂ ಅವನು ಮನೆಗೆ.”

ಅಂದರೆ ನಾನು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ, ಒಂದಿಷ್ಟೂ ಮೋಸವಿಲ್ಲದೆ ಸೋಲಬೇಕಿತ್ತು. ಇನ್ನೊಬ್ಬನ ಭವಿಷ್ಯ ನನ್ನ ಸಾಮರ್ಥ್ಯದ ಮೇಲೆ ನಿಂತದ್ದು ಅದೇ ಮೊದಲು. ಅದರಲ್ಲೂ ಅದು ನನಗಿರುವ ಏಕೈಕ ಸಾಮರ್ಥ್ಯ.

ಸುತ್ತಿಗೆ ಚೆಂಡಿಟ್ಟ. ಬಲ ತೊಡೆಯನ್ನು ಮುಷ್ಟಿಯಿಂದ ತಿಕ್ಕಿಕೊಂಡ. ದಣಿದಷ್ಟೂ ಆ ಕಾಲು ಬಿಗಿಯಾಗುತ್ತದಂತೆ. ಹೊಡೆಯುವುದು ಎಡಗಾಲಾದರೂ ಆ ಕ್ಷಣಕ್ಕೆ ಇಡೀ ಮೈ ಹೊರಬೇಕಾದದ್ದು ಬಲಗಾಲು, ಅದು ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿತ್ತು. ಅವನು ಬೆರಳೆತ್ತಿ ಗೋಲಿನ ಒಂದು ಮೇಲ್ಮೂಲೆ ತೋರಿಸಿದ. ನಾನೂ ಬೆರಳೆತ್ತಿ ಅದೇ ಮೂಲೆ ತೋರಿಸಿ, “ಇದೇ ತಾನೇ?” ಎಂದು ಖಚಿತಪಡಿಸಿಕೊಂಡೆ. ಹೌದು ಎಂದ. ಏನಾದರೂ ಅಪ್ಪಿತಪ್ಪಿ ತಡೆದುಬಿಟ್ಟರೆ? ಜೀವನದಲ್ಲಿ ಒಂದು ಸಲ, ಇದೇ ಸಲ, ನನಗೆ ಆಟ ಬಂದುಬಿಟ್ಟರೆ?

ಅವನು ಓಡಿ ಬಂದ. ನಾನು ಆ ಮೂಲೆಗೆ ಹಾರಿದೆ. ಹಾರಿದೆ ಅಂದರೆ ನಿಜವಾಗಿ ಹಾರಿದೆ, ಎರಡೂ ಕಾಲು ನೆಲ ಬಿಟ್ಟಿದ್ದವು ಎಂದು ದರ್ಜಿ ಇವತ್ತಿಗೂ ಹೇಳುತ್ತಾನೆ. ಕೈ ಚಾಚಿತು. ಉಣ್ಣೆಯ ತೂತಿನಿಂದ ಹೊರಗಿಣುಕುತ್ತಿದ್ದ ನನ್ನ ನಡುಬೆರಳಿಗೆ ಚೆಂಡು ಬಡಿಯಿತು. ಬಡಿದು, ಬೆರಳನ್ನು ಹಿಂದಕ್ಕೆ ಮಡಚಿ, ಮೇಲಿನ ಅಡ್ಡಕಂಬಕ್ಕೆ ತಾಗಿ, ಬಲೆಯೊಳಗೆ ಬಿತ್ತು. ಅದರ ಹಿಂದೆಯೇ ನಾನೂ ಬಿದ್ದೆ.

ಕಣ್ಣು ಬಿಟ್ಟಾಗ ಮೇಡಂ ನನ್ನ ಕೈ ಹಿಡಿದು ನೋಡುತ್ತಿದ್ದರು. ಉಳಿದ ಬೆರಳುಗಳೆಲ್ಲ ಒಂದು ದಿಕ್ಕಿಗಿದ್ದರೆ ನಡುಬೆರಳು ಬೇರೆಯೇ ದಿಕ್ಕಿಗಿತ್ತು.

“ಅ... ಅ...” ಎಂದೆ.

“ನೀರು ಬೇಕಾ ಸಾರ್?” ಎಂದು ಬಗ್ಗಿ ಕೇಳಿದವನು ಸುತ್ತಿಗೆ. “ಕೂತ್ಕೋಬೇಕಾ? ಯಾರನ್ನಾದ್ರೂ ಕರೀಲಾ?” ಅವನ ಕಣ್ಣಲ್ಲಿ ತುಂಟತನ ಕುಣಿಯುತ್ತಿತ್ತು. ಆಮೇಲೆ ಗಂಭೀರನಾಗಿ ಐಸ್ ತರಿಸಿದ, ಯಾವ ಮಾತ್ರೆ ತಿನ್ನಬೇಕು, ಯಾವುದನ್ನು ಖಾಲಿ ಹೊಟ್ಟೆಗೆ ತಿನ್ನಬಾರದು ಎಂದು ನಿಧಾನವಾಗಿ ವಿವರಿಸಿದ. ನಾನು ಕೊನೆಯವರೆಗೂ ಕೇಳಿದೆ. ನೋವಿಗೆ ಮಾತು ಬರುತ್ತಿರಲಿಲ್ಲ, ಅದೂ ಒಂದು ಕಾರಣ.

ಮೇಡಂ ಎದ್ದು ನಿಂತರು. ಬೆರಳು ನೋಡಿದರು, ಬಲೆ ನೋಡಿದರು, ಅವನನ್ನು ನೋಡಿದರು.

“ತಂಡದ ಜೊತೆ ಊಟಕ್ಕೆ ಬಾ,” ಎಂದರು. “ಬೆಳಗ್ಗೆ ನಿನಗೆ ಅಂಗಿ ಕೊಡ್ತೀನಿ.”

ಅಷ್ಟೇ. ಸುತ್ತಿಗೆ ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟ. ತಂಡದವರೆಲ್ಲ ಬಂದು ಅವನ ಮೇಲೆ ಬಿದ್ದರು. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಆ ರಾಶಿಯಲ್ಲಿ ಕಾಣಲಿಲ್ಲ. ನಾನಂತೂ ಅಳುತ್ತಿದ್ದೆ. ಬೆರಳಿಗಾಗಿ ಅರ್ಧ, ಸಂತೋಷಕ್ಕಾಗಿ ಅರ್ಧ. ಹೆಂಡತಿ ಸೆರಗಿನಿಂದ ನನ್ನ ಮುಖದ ಮಣ್ಣೊರೆಸಿ, “ಪರವಾಗಿಲ್ಲ ರೀ, ಚೆನ್ನಾಗೇ ಹಾರಿದ್ರಿ,” ಎಂದಳು. ಮದುವೆಯಾದಾಗಿನಿಂದ ಅವಳು ಸಾರ್ವಜನಿಕವಾಗಿ ನನ್ನನ್ನು ಹೊಗಳಿದ್ದು ಅದೊಂದೇ.

ಆಸ್ಪತ್ರೆಯ ದಾರಿಯಲ್ಲಿ ಸಲೂನಿನವನು ಕುಂಟುತ್ತಾ ಪಕ್ಕಕ್ಕೆ ಬಂದು ಕಿವಿಯಲ್ಲಿ ಪಿಸುಗುಟ್ಟಿದ. “ಎಲ್ಲಾ ಸರಿ. ಆದ್ರೆ ಬೆರಳು ಮುರ್ಕೊಳ್ಳೋವಷ್ಟು ನಟನೆ ಬೇಕಿತ್ತಾ?”

ಪಂದ್ಯಾವಳಿಯ ಮೊದಲ ದಿನ ನಾವೆಲ್ಲ ಹೋಗಿದ್ದೆವು. ಮೈದಾನದಲ್ಲಿ ಬೇರೆ ಬೇರೆ ದೇಶದ ಬಾವುಟಗಳು, ಗೊತ್ತಿಲ್ಲದ ಭಾಷೆಗಳ ಕೂಗು. ಎದುರು ತಂಡದ ಗೋಲ್‌ಕೀಪರ್ ಆರಡಿ ಮೀರಿದ ಆಳು, ಕೈಯಲ್ಲಿ ಅಸಲಿ ಗ್ಲೌಸು. ಸುತ್ತಿಗೆ ಮೂರು ಸಲ ಹೊಡೆದ. ಮೂರು ಸಲವೂ ಆತ ತಡೆದ. ತಡೆದಾಗಲೆಲ್ಲ ಸುತ್ತಿಗೆ ಹಲ್ಲು ಕಚ್ಚಿ ನಗುತ್ತಾ ವಾಪಸು ಓಡುತ್ತಿದ್ದ. ಆ ನಗು ನನಗೆ ಅರ್ಥವಾಯಿತು. ಅಲ್ಲಿ ಅವನಿಗೆ ಯಾರೂ ಏನನ್ನೂ ಬಿಡುತ್ತಿರಲಿಲ್ಲ. ನಾಲ್ಕನೆಯದು ಹೋಯಿತು. ಆರಡಿಯ ಆಳು ಉದ್ದಕ್ಕೆ ಚಾಚಿಕೊಂಡರೂ ಸಿಗದೆ, ಬಲೆಯನ್ನು ಹರಿಯುವ ಹಾಗೆ ಒಳಗೆ ಹೋಯಿತು.

ಇಡೀ ಕ್ರೀಡಾಂಗಣ ಎದ್ದು ನಿಂತಿತು. ಪಟ್ಟಿ ಕಟ್ಟಿದ ಕೈಯಿಂದ ಚಪ್ಪಾಳೆ ತಟ್ಟಲಾಗದೆ ನಾನು ಗಂಟಲು ಹರಿಯುವ ಹಾಗೆ ಕೂಗಿದೆ, ಕುಣಿದೆ, ಮುಂದಿನ ಸಾಲಿನವರ ಟೋಪಿ ಬೀಳಿಸಿದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಅವತಾರ ನೋಡಿ ನಗುತ್ತಾ ಕೇಳಿದರು.

“ಆ ಹುಡುಗ ನಿಮಗೆ ಏನಾಗ್ಬೇಕು?”

ತಮ್ಮನೂ ಅಲ್ಲ, ಮಗನೂ ಅಲ್ಲ, ಸ್ನೇಹಿತ ಅನ್ನುವ ಹಾಗೂ ಇಲ್ಲ. ನಾನು ಎದೆಯುಬ್ಬಿಸಿ ಹೇಳಿದೆ.

“ನನಗೂ ಒಂದು ಗೋಲು ಹೊಡೆದಿದ್ದಾನೆ ಸಾರ್. ಬಿಟ್ಟಿದ್ದಲ್ಲ, ಅವನೇ ಹೊಡೆದದ್ದು.”